ಹದಿನೆಂಟು ತುಂಬಿದವರು ಯಾರಿದ್ದೀರಿ?

ಜೂನ್ ಮೊದಲ ವಾರ. ಮಳೆಯಿಂದ ಮೈದಾನದಲ್ಲಿ ಆಟ ಇರಲಿಲ್ಲ. ಪಿ.ಡಿ. ಸರ್ ನಮ್ಮ ತರಗತಿಗೇ ಬಂದಿದ್ದರು. "ಘಟ್ಟದ ಮೇಲೆ, ಮೂಡಿಗೆರೆ ಕಡೆ ಒಂದು ಓಟ ಉಂಟು. ಹಾಫ್ ಮ್ಯಾರಥಾನ್. ರಸ್ತೆಯಲ್ಲಿ ಅಲ್ಲ, ಕಾಫಿ ತೋಟದ ಕೆಸರಿನಲ್ಲಿ. ನಾನು ಹೋಗ್ತೇನೆ. ಒಬ್ಬರನ್ನು ಕರ್ಕೊಂಡು ಹೋಗ್ಬಹುದು. ಆದ್ರೆ ಹದಿನೆಂಟು ತುಂಬಿರಬೇಕು. ಯಾರಿದ್ದೀರಿ?" ಎಂದು ಕೇಳಿದರು.

ಯಾರೂ ಕೈ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ನನಗೆ ಏಪ್ರಿಲ್‌ನಲ್ಲೇ ಹದಿನೆಂಟು ತುಂಬಿತ್ತು.

ಕೈ ಎತ್ತದ್ದಕ್ಕೆ ಕಾರಣ ಇತ್ತು. ನಾನು ಈ ಕಾಲೇಜಿಗೆ ಬರುವ ಮೊದಲು ಬೇರೊಂದು ಕಡೆ ಫಸ್ಟ್ ಪಿಯು ಸಯನ್ಸ್ ಓದಿದ್ದೆ. ವಾರ್ಷಿಕ ಪರೀಕ್ಷೆಯಲ್ಲಿ ಗಣಿತ ಮತ್ತು ಭೌತಶಾಸ್ತ್ರದಲ್ಲಿ ಫೇಲ್, ಪೂರಕ ಪರೀಕ್ಷೆಯಲ್ಲೂ ಫೇಲ್. ತಪ್ಪು ಯಾರದ್ದೂ ಅಲ್ಲ, ನನ್ನದೇ. ನವೆಂಬರ್ ನಂತರ ನನಗೆ ಪಾಠ ಅರ್ಥವಾಗುತ್ತಿರಲಿಲ್ಲ, ಅದನ್ನು ಯಾರಿಗೂ ಹೇಳಿರಲಿಲ್ಲ. ದಮಾಮಿನಲ್ಲಿ ಡ್ರೈವರ್ ಆಗಿರುವ ಉಪ್ಪ ಕಳಿಸಿದ ಒಂದು ವರ್ಷದ ಫೀಸು ಹಾಗೇ ಹೋಯಿತು. ಮರುವರ್ಷ ಇಲ್ಲಿ ಕಾಮರ್ಸಿಗೆ ಸೇರಿದೆ. ಹೊಸ ಗೆಳೆಯರಿಗೆ ನಾನು ಎಸ್ಸೆಸ್ಸೆಲ್ಸಿ ಮುಗಿಸಿ ನೇರ ಬಂದವನು. ಎಸ್ಸೆಸ್ಸೆಲ್ಸಿ ಯಾವ ವರ್ಷ ಎಂದು ಯಾರಾದರೂ ಕೇಳಿದರೆ ನಾನು ಕ್ಯಾಂಟೀನಿನ ಸಮೋಸದ ವಿಷಯ ತೆಗೆಯುತ್ತಿದ್ದೆ. ಒಂದು ವರ್ಷ ಇದು ಚೆನ್ನಾಗಿಯೇ ನಡೆಯಿತು.

ಆ ದಿನ ಸಂಜೆ ಬಸ್ಸು ಬಿಟ್ಟು ಸರ್ ಕೋಣೆಗೆ ಹೋದೆ.

"ಸರ್, ನನಗೆ ಆಗಿದೆ."

"ಎಂತ ಆಗಿದೆ?"

"ಹದಿನೆಂಟು."

ಅವರು ನನ್ನನ್ನು ಒಮ್ಮೆ ನೋಡಿದರು. ಹೇಗೆ, ಯಾಕೆ ಎಂದು ಕೇಳುತ್ತಾರೆ, ಏನು ಹೇಳುವುದು ಎಂದು ಮೆಟ್ಟಿಲಲ್ಲೇ ತಯಾರಿ ಮಾಡಿಕೊಂಡು ಬಂದಿದ್ದೆ. ಅವರು ಕೇಳಿದ್ದು, "ಶೂ ಸೈಜ್ ಎಷ್ಟು?"

ನನ್ನದು 8. ಅವರ ಹಳೆಯ ಶೂ 9. ಎರಡು ಜೊತೆ ಸಾಕ್ಸ್ ಹಾಕಿದರೆ ಆಗುತ್ತದೆ ಎಂದು ತೀರ್ಮಾನವಾಯಿತು. ಈ ತೀರ್ಮಾನದ ಫಲ ಮುಂದೆ ಹೇಳುತ್ತೇನೆ.

ಹಾಫ್ ಮ್ಯಾರಥಾನ್ ಅಂದರೆ 21.0975 ಕಿಲೋಮೀಟರ್, ಪೂರ್ತಿ ಮ್ಯಾರಥಾನಿನ ಸರಿಯಾದ ಅರ್ಧ. ನಾನು ಅದುವರೆಗೆ ಓಡಿದ್ದರಲ್ಲಿ ಉದ್ದದ್ದು ಎಂದರೆ ಬಸ್ಸಿನ ಹಿಂದೆ ಓಡಿದ್ದು. ಸರ್ ಎಂಟು ವಾರದ ಪಟ್ಟಿ ಬರೆದುಕೊಟ್ಟರು. ವಾರದಲ್ಲಿ ಎರಡು ದಿನ ಸಣ್ಣ ಓಟ, ಭಾನುವಾರ ಉದ್ದ ಓಟ. ಮೊದಲ ಭಾನುವಾರ 5 ಕಿಲೋಮೀಟರ್, ಆಮೇಲೆ ಸ್ವಲ್ಪ ಸ್ವಲ್ಪ ಏರಿಸಿ ಕೊನೆಗೆ 16. "ಓಡುವಾಗ ಪಕ್ಕದವನ ಹತ್ತಿರ ಮಾತಾಡ್ಲಿಕ್ಕೆ ಆಗ್ಬೇಕು. ಆಗದಿದ್ರೆ ನೀನು ಜಾಸ್ತಿ ಜೋರು ಓಡ್ತಿದ್ದೀ ಅಂತ ಲೆಕ್ಕ" ಎಂದಿದ್ದರು. ನನಗೆ ಪಕ್ಕದಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಅಕೌಂಟೆನ್ಸಿಯ ಜರ್ನಲ್ ಎಂಟ್ರಿಗಳನ್ನು ಗಟ್ಟಿಯಾಗಿ ಹೇಳುತ್ತಾ ಓಡಿದೆ.

ಸುಬಹಿ ನಮಾಝ್ ಮುಗಿಸಿ ಮಸೀದಿಯಿಂದಲೇ ಹೊರಡುತ್ತಿದ್ದೆ. ಅಡಿಕೆ ತೋಟದ ನಡುವಿನ ದಾರಿ, ಗದ್ದೆಯ ಹುಣಿ, ಮುರಕಲ್ಲಿನ ಗುಡ್ಡ, ವಾಪಸ್. ಪಕ್ಕದ ಮನೆಯ ಶೆಟ್ರು ಕೊಡೆ ಹಿಡಿದು ಡೈರಿಗೆ ಹಾಲು ಕೊಂಡೊಯ್ಯುತ್ತಾ, "ಓದುದು ಬಿಟ್ಟು ಓಡುದಾ ಮಾರಾಯ?" ಎಂದು ದಿನಾ ಕೇಳುತ್ತಿದ್ದರು. ತಮಾಷೆಗೇ ಹೇಳಿದ್ದು. ಆದರೆ ಒಮ್ಮೆ ಓದಿನಲ್ಲಿ ಬಿದ್ದವನಿಗೆ ಆ ಒಂದು ಅಕ್ಷರದ ವ್ಯತ್ಯಾಸ ಚುಚ್ಚುತ್ತದೆ. ಉಪ್ಪನಿಗೆ ಫೋನಿನಲ್ಲಿ ಹೇಳಲು ನನಗೆ ಧೈರ್ಯ ಬಂದದ್ದು ಆರನೆಯ ವಾರದಲ್ಲಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಟೆಸ್ಟಿನಲ್ಲಿ ಮಾರ್ಕ್ಸ್ ಎಷ್ಟು?" ಎಂದರು. ಹೇಳಿದೆ. "ಹಾಗಾದ್ರೆ ಹೋಗು" ಎಂದರು.

ಉಮ್ಮನ ಚಿಂತೆ ಬೇರೆ. ಅಷ್ಟು ಕೆಸರು ಮೈಗೆ ಮೆತ್ತಿಕೊಂಡರೆ ಲುಹರ್ ನಮಾಝ್ ಹೇಗೆ? ನಾನು ಉಸ್ತಾದರ ಹತ್ತಿರ ಕೇಳಿದೆ. ಅವರು ನಕ್ಕರು. "ಮಳೆಗಾಲದ ದಾರಿಯ ಕೆಸರಿಗೆ ವಿನಾಯಿತಿ ಉಂಟು. ಆದ್ರೆ ಬೇರೆ ಬಟ್ಟೆ ಇಟ್ಟುಕೊ. ವಿನಾಯಿತಿ ಉಂಟು ಅಂತ ಮಸೀದಿಯ ಚಾಪೆ ಹಾಳು ಮಾಡ್ಬೇಡ."

ಆಟಿ ತಿಂಗಳ ಒಂದು ಶನಿವಾರ ಸಂಜೆ ಸರ್ ಕಾರಿನಲ್ಲಿ ಚಾರ್ಮಾಡಿ ಹತ್ತಿದೆವು. ಮಂಜು ಎಷ್ಟಿತ್ತು ಎಂದರೆ ಮುಂದಿನ ಲಾರಿಯ ಕೆಂಪು ದೀಪ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ರಾತ್ರಿ ಸರ್ ಪರಿಚಯದವರ ಮನೆಯಲ್ಲಿ ಉಳಿದೆವು. ಮಲಗುವ ಮೊದಲು ಸರ್ ನನಗೆ ಲೇಸ್ ಕಟ್ಟಲು ಕಲಿಸಿದರು. ಶೂವಿನ ಮೇಲ್ತುದಿಯಲ್ಲಿ, ಉಳಿದವುಗಳಿಂದ ಸ್ವಲ್ಪ ಹಿಂದೆ, ಒಂದು ತೂತು ಇರುತ್ತದಲ್ಲ, ನಾವು ಯಾರೂ ಉಪಯೋಗಿಸದ್ದು. ಲೇಸನ್ನು ಹೊರಗಿನಿಂದ ಅದರೊಳಗೆ ಹಾಕಿ ಸಣ್ಣ ಕುಣಿಕೆ ಮಾಡಬೇಕು, ಎದುರು ಬದಿಯ ಲೇಸನ್ನು ಆ ಕುಣಿಕೆಯಲ್ಲಿ ತೂರಿಸಿ ಎಳೆಯಬೇಕು. ಆಗ ಹಿಮ್ಮಡಿ ಅಲ್ಲಾಡುವುದಿಲ್ಲ. ಆ ತೂತು ಯಾಕೆ ಇದೆ ಎಂದು ನನಗೆ ಹದಿನೆಂಟು ವರ್ಷಕ್ಕೆ ಗೊತ್ತಾಯಿತು.

ಬೆಳಿಗ್ಗೆ ಆರೂವರೆಗೆ ಒಂದು ಕಾಫಿ ಕಣದಲ್ಲಿ ಓಟ ಶುರು. ಮುಗಿಸಲು ನಾಲ್ಕು ಗಂಟೆ ಸಮಯ. ನಾಲ್ಕು ಗಂಟೆ ಧಾರಾಳ ಎಂದು ನಾನು ಹಿಂದಿನ ದಿನ ಲೆಕ್ಕ ಹಾಕಿದ್ದೆ; ನಮ್ಮೂರ ರಸ್ತೆಯ ಲೆಕ್ಕ ಅದು. ಜಿಗಣೆಗೆ, ಅಲ್ಲಿಯವರ ಮಾತಿನಲ್ಲಿ ಇಂಬಳಕ್ಕೆ, ಎಲ್ಲರೂ ಕಾಲಿಗೆ ಏನೇನೋ ಹಚ್ಚುತ್ತಿದ್ದರು: ಉಪ್ಪು, ಹೊಗೆಸೊಪ್ಪಿನ ನೀರು, ಸುಣ್ಣ, ಬೇವಿನೆಣ್ಣೆ. ನಾವು ಬೇವಿನೆಣ್ಣೆ ಹಚ್ಚಿದೆವು. ಮೊದಲ ಹಳ್ಳದಲ್ಲೇ ಅದು ತೊಳೆದುಹೋಯಿತು.

ಮೊದಲ ಮೂರು ಕಿಲೋಮೀಟರ್ ಜಲ್ಲಿ ದಾರಿ. ಸರ್ ಮುಂದೆ ಹೋದರು. ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ಕೆಳಗೆ ಕಾಫಿ ಗಿಡ, ಎಲೆಗಳಿಂದ ನೀರು ತೊಟ್ಟಿಕ್ಕುವ ಸದ್ದು. ಕೊಂಬೆಗಳಿಗೆ ಕಟ್ಟಿದ ಕಿತ್ತಳೆ ಬಣ್ಣದ ರಿಬ್ಬನ್ ನೋಡಿಕೊಂಡು ಹೋಗಬೇಕು. ಆಮೇಲೆ ಜೀಪಿನ ದಾರಿ ಬಂತು, ಅದರೊಂದಿಗೆ ಕೆಸರೂ ಬಂತು.

ನಾನು ಕೆಸರು ಕಾಣದವನಲ್ಲ. ಕೆಸರುಗದ್ದೆ ಆಟದಲ್ಲಿ ಬಿದ್ದು ಹೊರಳಿದವನು, ಕಂಬಳ ನೋಡಿದವನು. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ ವಿಡಿಯೊ ನಾವೆಲ್ಲ ನೋಡಿದ್ದೇವೆ. ಆದರೆ ಕಂಬಳದ ಕರೆಯಲ್ಲಿ ನೀರಿನ ಅಂಶ ಹೆಚ್ಚು; ಕಾಲಿಟ್ಟರೆ ಚಿಮ್ಮುತ್ತದೆ, ಬಿಡುತ್ತದೆ. ಘಟ್ಟದ ಜೇಡಿ ಬಿಡುವುದಿಲ್ಲ. ಹೆಜ್ಜೆ ಹೆಜ್ಜೆಗೂ ಶೂವಿನ ಅಡಿಗೆ ಒಂದು ಪದರ ಅಂಟಿ, ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾಲಿಗೆ ಇಟ್ಟಿಗೆ ಕಟ್ಟಿದ ಹಾಗೆ ಆಗುತ್ತದೆ. ನಾನು ಕೆಸರು ತಪ್ಪಿಸಲು ಅಂಚಿನಲ್ಲಿ ಹೋಗುತ್ತಿದ್ದೆ, ಜಾರುತ್ತಿದ್ದೆ. ಹಿಂದಿನಿಂದ ಬಂದ ಒಬ್ಬರು ನೀರು ನಿಂತ ಚಕ್ರದ ಗುಂಡಿಯ ನಡುವೆಯೇ ಛಳಛಳ ಎಂದು ಓಡಿಹೋದರು. ಅವರನ್ನು ನೋಡಿ ನಾನೂ ಇಳಿದೆ. ಜೀಪಿನ ಚಕ್ರ ತುಳಿದು ತುಳಿದು ಗುಂಡಿಯ ತಳ ಗಟ್ಟಿಯಾಗಿರುತ್ತದೆ, ಅಂಚೇ ಮೆತ್ತಗೆ. ಹೆಜ್ಜೆ ಸಣ್ಣದಿರಬೇಕು, ಪಾದ ಪೂರ್ತಿ ಊರಬೇಕು, ಹಿಮ್ಮಡಿ ಮೊದಲು ಊರಿದರೆ ಜಾರುತ್ತದೆ. ಇದೆಲ್ಲ ಸರ್ ಹೇಳಿದ್ದರು. ಆದರೆ ಕಾಲಿಗೆ ಅದು ಗೊತ್ತಾದದ್ದು ಎರಡು ಸಲ ಬಿದ್ದ ಮೇಲೆ. 2016ರ ರಿಯೊ ಒಲಿಂಪಿಕ್ಸಿನಲ್ಲಿ ಮೊ ಫರಾಹ್ 10,000 ಮೀಟರ್ ಓಟದ ನಡುವೆ ಬಿದ್ದು, ಎದ್ದು, ಚಿನ್ನ ಗೆದ್ದ ಕಥೆಯನ್ನು ಸರ್ ಕಾರಿನಲ್ಲಿ ಹೇಳಿದ್ದರು. ಒಳ್ಳೆಯ ಕಥೆ. ಆದರೆ ಅವರು ಬಿದ್ದ ಟ್ರ್ಯಾಕಿನಲ್ಲಿ ಕೆಸರಿರಲಿಲ್ಲ.

ಹದಿಮೂರನೆಯ ಕಿಲೋಮೀಟರಿನ ಹತ್ತಿರ ಒಂದು ಹಳ್ಳ ದಾಟಿ ಮೇಲೆ ಹತ್ತುವಾಗ ಎಡಗಾಲು ಮೊಣಕಾಲಿನವರೆಗೆ ಹೂತಿತು. ಎಳೆದೆ. ಕಾಲು ಬಂತು, ಸಾಕ್ಸ್ ಬಂತು, 9 ಸೈಜಿನ ಶೂ ಬರಲಿಲ್ಲ. ಎರಡನೆಯ ಸಲ ಬಿದ್ದಾಗ ಲೇಸಿನ ಕುಣಿಕೆ ಬಿಚ್ಚಿಕೊಂಡಿತ್ತು, ನಾನು ಸೋಮಾರಿತನದಿಂದ ಮತ್ತೆ ಕಟ್ಟಿರಲಿಲ್ಲ. ಒಂದೇ ಕಾಲಲ್ಲಿ ನಿಂತು ಕೆಸರಿನೊಳಗೆ ಕೈ ಹಾಕಿ ಹುಡುಕುತ್ತಿದ್ದಾಗ ಹಿಂದಿನಿಂದ ಒಬ್ಬ ಮೇಡಂ ಬಂದರು. ನಮ್ಮ ಉಮ್ಮನಿಗಿಂತ ದೊಡ್ಡವರು, ಬೆಂಗಳೂರಿನವರು. ಏನೂ ಕೇಳದೆ ನನ್ನ ತೋಳು ಹಿಡಿದು ನಿಂತರು. ನಾನು ಎರಡು ಕೈಯಲ್ಲಿ ಎಳೆದೆ. ಕೆಸರು ದೊಡ್ಡದೊಂದು ತೇಗು ತೇಗಿ ಶೂ ವಾಪಸ್ ಕೊಟ್ಟಿತು.

ಅಲ್ಲಿಂದ ಮುಂದೆ ಹುಲ್ಲಿನ ಗುಡ್ಡ. ಏರು ಕಡಿದು, ಗಾಳಿ ಜೋರು, ಓಡುವುದು ಯಾರಿಂದಲೂ ಆಗುತ್ತಿರಲಿಲ್ಲ. ಇಬ್ಬರೂ ನಡೆದೆವು.

"ಏನ್ ಓದ್ತಿದ್ದೀಯಪ್ಪ?"

"ಸೆಕೆಂಡ್ ಪಿಯು, ಮೇಡಂ."

"ಓ, ಪಿಯುಸಿನಾ? ಇದಕ್ಕೆ ಹದಿನೆಂಟಾಗಿರ್ಬೇಕಲ್ವಾ?"

ಸಮೋಸದ ವಿಷಯ ತೆಗೆಯಲು ಅಲ್ಲಿ ಕ್ಯಾಂಟೀನ್ ಇರಲಿಲ್ಲ. ಉಸಿರೂ ಹೆಚ್ಚು ಉಳಿದಿರಲಿಲ್ಲ. "ಆಗಿದೆ ಮೇಡಂ. ಫಸ್ಟ್ ಪಿಯು ಒಮ್ಮೆ ಫೇಲಾಗಿದ್ದೆ. ಒಂದು ವರ್ಷ ಹೋಯ್ತು" ಎಂದೆ. ಮನೆಯವರನ್ನು ಬಿಟ್ಟರೆ ನಾನು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ಆ ಕಲ್ಲು ನೋಡ್ಕೊ, ಪಾಚಿ ಕಟ್ಟಿದೆ" ಎಂದರು ಅವರು.

ಅಷ್ಟೇ. ನಾನು ಕಲ್ಲು ಬಿಟ್ಟು ಪಕ್ಕಕ್ಕೆ ಕಾಲಿಟ್ಟೆ. ಅವರು ಕಿಸೆಯಿಂದ ಎರಡು ಖರ್ಜೂರ ತೆಗೆದು ಒಂದು ನನಗೆ ಕೊಟ್ಟರು. ಗುಡ್ಡದ ತುದಿಯಲ್ಲಿ ಮಂಜು ಒಂದು ನಿಮಿಷ ಸರಿದು ಕೆಳಗೆ ನಾಟಿ ಮುಗಿದ ಗದ್ದೆಗಳು ಕಂಡವು. ಮತ್ತೆ ಮುಚ್ಚಿಕೊಂಡಿತು. ಇಳಿಜಾರಿನಲ್ಲಿ ಅವರು ನನ್ನನ್ನು ಹಿಂದೆ ಹಾಕಿ ಹೋದರು. ಆ ಪ್ರಾಯದಲ್ಲಿ ಅಷ್ಟು ಹಗುರವಾಗಿ ಇಳಿಯುವುದನ್ನು ನಾನು ನೋಡಿರಲಿಲ್ಲ.

ಕೊನೆಯ ಭಾಗ ಗದ್ದೆಯ ಬದಿಯ ದಾರಿ. ಇಲ್ಲಿ ಕೆಸರು ನಮ್ಮೂರಿನದ್ದರ ಹಾಗೆಯೇ ನೀರುನೀರಾಗಿತ್ತು. ನಾನು ಎರಡೂ ಶೂ ಬಿಚ್ಚಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಓಡಿದೆ. ಕಲ್ಲು, ಮುಳ್ಳು ಇದ್ದರೆ ಕಷ್ಟವಿತ್ತು, ಯಾರೂ ಇದನ್ನು ಅನುಕರಿಸಬಾರದು. ಆದರೆ ಇಡೀ ಓಟದಲ್ಲಿ ನಾನು ನಿಜವಾಗಿ ಓಡಿದೆ ಎನಿಸಿದ್ದು ಆ ಕೊನೆಯ ಒಂದು ಕಿಲೋಮೀಟರ್. ಮೂರು ಗಂಟೆ ನಲವತ್ತೇಳು ನಿಮಿಷಕ್ಕೆ ಕಣ ಮುಟ್ಟಿದೆ. ನನ್ನ ಹಿಂದೆ ಹೆಚ್ಚು ಜನ ಇರಲಿಲ್ಲ. ಒಂದು ಗಂಟೆ ಮೊದಲೇ ಮುಗಿಸಿದ್ದ ಸರ್ ಕೊಡೆ ಹಿಡಿದು ನಿಂತಿದ್ದರು. ಅವರ ವಾಚಿನಲ್ಲಿ ದೂರ 22 ಕಿಲೋಮೀಟರ್ ದಾಟಿತ್ತು. ಕಾಡುದಾರಿಯ ಓಟದಲ್ಲಿ ಅಳತೆ ಹೀಗೆ ಹೆಚ್ಚುಕಡಿಮೆ ಆಗುತ್ತದಂತೆ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಶೂ ಹಾಕ್ಲಿಕ್ಕೆ ಕೊಟ್ಟದ್ದು, ಹಿಡ್ಕೊಳ್ಳಿಕ್ಕೆ ಅಲ್ಲ" ಎಂದರು.

ಕಾಲಲ್ಲಿ ನಾಲ್ಕು ಇಂಬಳ. ಅದು ಕಚ್ಚುವಾಗ ರಕ್ತ ಹೆಪ್ಪುಗಟ್ಟದ ಹಾಗೆ ಒಂದು ರಸ ಬಿಡುತ್ತದೆ. ಹಾಗಾಗಿ ತೆಗೆದ ಮೇಲೂ ರಕ್ತ ನಿಲ್ಲುವುದಿಲ್ಲ, ನೋವೂ ಇರುವುದಿಲ್ಲ. ನಲ್ಲಿಯ ಕೆಳಗೆ ತೊಳೆದು, ಉಸ್ತಾದರು ಹೇಳಿದ ಬೇರೆ ಬಟ್ಟೆ ಹಾಕಿ, ಹತ್ತಿರದ ಪೇಟೆಯ ಮಸೀದಿಯಲ್ಲಿ ಲುಹರ್ ನಿರ್ವಹಿಸಿದೆವು. ಸುಜೂದಿನಿಂದ ಏಳುವಾಗ ತೊಡೆ ನಡುಗುತ್ತಿತ್ತು. ಪಕ್ಕದಲ್ಲಿದ್ದ ಅಜ್ಜ ನನಗಿಂತ ಬೇಗ ಎದ್ದರು.

ಸೋಮವಾರ ತರಗತಿಯಲ್ಲಿ ಮೆಡಲ್ ಕೈಯಿಂದ ಕೈಗೆ ಹೋಯಿತು. ನನ್ನ ಬೆಂಚಿನ ಗೆಳೆಯ ಅದನ್ನು ತಿರುಗಿಸಿ ನೋಡಿ, ನಾನು ಎರಡು ತಿಂಗಳಿಂದ ಹೆದರುತ್ತಿದ್ದ ಪ್ರಶ್ನೆ ಕೇಳಿಯೇಬಿಟ್ಟ. "ಅಲ್ಲ ಮಾರಾಯ, ಹದಿನೆಂಟು ಆಗ್ಬೇಕು ಅಂತ ಸರ್ ಹೇಳಿದ್ರಲ್ಲ, ನಿನ್ನನ್ನು ಹೇಗೆ ಬಿಟ್ರು?"

ಹೇಳಿದೆ. ಎರಡೇ ವಾಕ್ಯದಲ್ಲಿ ಮುಗಿಯಿತು. ಹಿಂದಿನ ಬೆಂಚಿನವರಿಗೂ ಕೇಳಿಸಿತು.

ಅವನು ಸ್ವಲ್ಪ ಹೊತ್ತು ಯೋಚಿಸಿದ. "ಹಾಗಾದ್ರೆ ನಿಂಗೆ ಬೈಕ್ ಲೈಸನ್ಸ್ ಮಾಡ್ಲಿಕ್ಕೆ ಆಗ್ತದಲ್ಲ! ಎಂತ ಮಾರಾಯ ನೀನು, ಏಪ್ರಿಲ್‌ನಿಂದ ಸುಮ್ಮನೆ ಕೂತಿದ್ದೀಯಲ್ಲ!"

ಎಲ್‌ಎಲ್‌ಆರ್‌ಗೆ ಅರ್ಜಿ ಹಾಕಿದ್ದೇನೆ. ಸರ್ ಶೂ ಇನ್ನೂ ವಾಪಸ್ ಕೊಟ್ಟಿಲ್ಲ. ಉಮ್ಮ ಮೂರು ಸಲ ತೊಳೆದು ಬಚ್ಚಲುಮನೆಯ ಒಲೆಯ ಹತ್ತಿರ ಇಟ್ಟಿದ್ದಾರೆ. ಲೇಸಿನ ಕೆಂಪು ಹೋಗಿಲ್ಲ, ಈ ಮಳೆಗೆ ಅದು ಒಣಗುವ ಲಕ್ಷಣವೂ ಇಲ್ಲ.