ದುರ್ಗದ ಬಂಡೆಗಳು ಏಕೆ ಬೀಳುವುದಿಲ್ಲ?

ಬೆಂಗಳೂರಿನಿಂದ ಹೊರಟ ಬಸ್ಸು ಹಿರಿಯೂರು ದಾಟಿ, ಐಮಂಗಲ ಹಿಂದೆ ಬೀಳುತ್ತಿದ್ದಂತೆ ಕಿಟಕಿಯಾಚೆಯ ನೋಟ ಬದಲಾಗುತ್ತದೆ. ಗಾಳಿಯಂತ್ರಗಳು ನಿಧಾನವಾಗಿ ತಿರುಗುವ ಗುಡ್ಡಗಳು, ಕುರುಚಲು ಕಾಡು, ಅದರಾಚೆ ಬಂಡೆಯ ಮೇಲೆ ಬಂಡೆ ಪೇರಿಸಿಟ್ಟಂತಹ ಬೆಟ್ಟ. ಅದೇ ಚಿತ್ರದುರ್ಗ. ಏಳು ಸುತ್ತಿನ ಕೋಟೆಯನ್ನು ನೋಡಲು ಶಾಲಾ ಪ್ರವಾಸದಲ್ಲಿ ಬಂದ ಮಕ್ಕಳು ಮೇಷ್ಟ್ರಿಗೆ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: 'ಸಾರ್, ಆ ಕಲ್ಲು ಬೀಳೋದಿಲ್ವಾ?'

ನಕ್ಕು ಮುಂದೆ ಸಾಗುವಂತಹ ಪ್ರಶ್ನೆಯಲ್ಲ ಅದು. ಹಿಮಾಲಯದಲ್ಲಿ, ಯೂರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಇದೇ ಪ್ರಶ್ನೆಗೆ ಉತ್ತರ ಹುಡುಕುತ್ತ ವಿಜ್ಞಾನಿಗಳು ಹಗಲಿರುಳು ಬೆಟ್ಟ ಕಾಯುತ್ತಾರೆ. ಆ ವಿದ್ಯೆಯ ಮೊದಲ ಪಾಠ ಕಲಿಯಲು ಮಾತ್ರ ಅಷ್ಟು ದೂರ ಹೋಗಬೇಕಾಗಿಲ್ಲ. ದುರ್ಗದ ಮೆಟ್ಟಿಲು ಹತ್ತಿದರೆ ಸಾಕು.

ಹಿಡಿಂಬ ಎಸೆದ ಕಲ್ಲುಗಳೇ?

ಭೀಮನಿಗೂ ಹಿಡಿಂಬನಿಗೂ ಇಲ್ಲೇ ಕಾಳಗ ನಡೆಯಿತು, ಅವರು ಎಸೆದಾಡಿದ ಕಲ್ಲುಗಳೇ ಈ ಬಂಡೆಗಳು ಎಂದು ಸ್ಥಳಪುರಾಣ ಹೇಳುತ್ತದೆ. ಕೋಟೆಯೊಳಗಿನ ಹಿಡಿಂಬೇಶ್ವರ ದೇವಾಲಯ ಆ ಕತೆಯನ್ನು ಇಂದಿಗೂ ಜೀವಂತವಾಗಿಟ್ಟಿದೆ. ಭೂವಿಜ್ಞಾನದ ಕತೆಯಾದರೋ ಇದಕ್ಕೆ ನೇರ ವಿರುದ್ಧ. ಈ ಕಲ್ಲುಗಳನ್ನು ಯಾರೂ ಎಸೆಯಲಿಲ್ಲ, ಯಾರೂ ಪೇರಿಸಲೂ ಇಲ್ಲ. ಅವು ಇದ್ದಲ್ಲೇ ಇವೆ!

250 ಕೋಟಿ ವರ್ಷಗಳಿಗೂ ಹಿಂದೆ ನೆಲದಾಳದಲ್ಲಿ ಕರಗಿದ ಶಿಲೆ ನಿಧಾನವಾಗಿ ಆರಿ ಗ್ರಾನೈಟ್ ಆಯಿತು. ಮೇಲಿನ ಪದರಗಳು ಸವೆದು ಭಾರ ಇಳಿದಂತೆ ಅದರಲ್ಲಿ ಉದ್ದಕ್ಕೂ ಅಡ್ಡಕ್ಕೂ ಸೀಳುಗಳು ಮೂಡಿದವು. ಸೀಳಿಗೆ ಇಳಿದ ಮಳೆನೀರು ಕಲ್ಲಿನ ಮೂಲೆಗಳನ್ನು ಮೊದಲು ತಿಂದಿತು. ಮೂಲೆ ಹೋದ ಚೌಕ ಗುಂಡಗಾಗದೆ ಇನ್ನೇನಾದೀತು? ಪುಡಿಯಾದ ಭಾಗ ಕೊಚ್ಚಿಹೋಗಿ ಗಟ್ಟಿ ತಿರುಳು ಮಾತ್ರ ಉಳಿಯಿತು. ಮೇಲಿನ ಗುಂಡು ಕೆಳಗಿನ ಗುಂಡಿನ ಮೇಲೆ ಬಂದು ಬಿದ್ದದ್ದಲ್ಲ, ಮೊದಲಿನಿಂದಲೂ ಅಲ್ಲೇ ಕುಳಿತದ್ದು. ನೋಟಕ್ಕೆ ಈಗಲೋ ಆಗಲೋ ಉರುಳುವಂತೆ ಕಂಡರೂ ಯುಗಯುಗಗಳಿಂದ ನಿಂತಿರುವ ಗುಟ್ಟು ಇದೇ.

ಹಾಗೆಂದು ಬಂಡೆ ಶಾಶ್ವತವಲ್ಲ. ಅದರ ಹಣೆಬರಹವನ್ನು ಬರೆಯುವುದು ಸೀಳು. ಓಬವ್ವನ ಕಿಂಡಿಯ ಮುಂದೆ ನಿಂತವರಿಗೆ ಒನಕೆ ಹಿಡಿದ ವೀರವನಿತೆ ನೆನಪಾಗುತ್ತಾಳೆ. ಹೈದರಾಲಿಯ ಸೈನಿಕರು ನುಸುಳಿ ಬಂದ ಜಾಗವೂ ಬಂಡೆಗಳ ನಡುವಿನ ಸಂದೇ ಅಲ್ಲವೇ? 1779ರಲ್ಲಿ ಕೋಟೆ ಹೈದರನ ವಶವಾಯಿತು. ಕೋಟೆ ಕಟ್ಟಿದವರಿಗೂ ಕಲ್ಲಿನ ಈ ಗುಣ ಚೆನ್ನಾಗಿ ಗೊತ್ತಿತ್ತು. ಬಂಡೆಗಳ ಮೇಲೆ ಹೊಲಿಗೆಯಂತೆ ಕಾಣುವ ಗುಂಡಿಗಳ ಸಾಲು ಬೆಣೆ ಹೊಡೆದು ಕಲ್ಲು ಸೀಳಿದ್ದರ ಗುರುತು. ಸಂದಿನಲ್ಲಿ ಬೇರೂರಿದ ಆಲ, ಅರಳಿ ಗಿಡಗಳು ಇಂದಿಗೂ ಅದೇ ಕೆಲಸವನ್ನು ಸದ್ದಿಲ್ಲದೆ ಮಾಡುತ್ತವೆ.

ಬಿಸಿಲಿಗೂ ಇದರಲ್ಲಿ ಪಾಲಿದೆ. ಅಮೆರಿಕದ ಯೊಸೆಮಿಟಿ ಕಣಿವೆಯಲ್ಲಿ ಗ್ರಾನೈಟ್ ಗೋಡೆಗೆ ಅಂಟಿಕೊಂಡ ತೆಳುವಾದ ಕಲ್ಲಿನ ಹಾಳೆಯೊಂದಕ್ಕೆ ಅಳತೆಯ ಉಪಕರಣ ಕೂರಿಸಿದ್ದರು. ಮಧ್ಯಾಹ್ನದ ಬಿಸಿಗೆ ಅದು ಗೋಡೆಯಿಂದ ದೂರ ಸರಿಯುತ್ತಿತ್ತು, ರಾತ್ರಿ ತಂಪಾದಾಗ ಮತ್ತೆ ಹತ್ತಿರ ಬರುತ್ತಿತ್ತು. ಒಂದು ದಿನದ ಈ ಓಡಾಟ ಸುಮಾರು ಒಂದು ಸೆಂಟಿಮೀಟರಿನವರೆಗೂ ಇತ್ತು ಎಂದು 2016ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಬಂಡೆಯೂ ಉಸಿರಾಡುತ್ತದೆ ಎಂದರೆ ಅತಿಶಯೋಕ್ತಿಯಾಗಲಾರದು.

ಗುಡ್ಡಕ್ಕೊಂದು ಜಾತಿ

ಜಿಲ್ಲೆಯ ಎಲ್ಲ ಗುಡ್ಡಗಳೂ ಒಂದೇ ತರಹ ಇಲ್ಲ. ಗದಗಿನ ಕಡೆಯಿಂದ ದಕ್ಷಿಣಕ್ಕೆ ಶ್ರೀರಂಗಪಟ್ಟಣದ ದಿಕ್ಕಿಗೆ ಹಬ್ಬಿದ ಚಿತ್ರದುರ್ಗ ಶಿಸ್ಟ್ ಪಟ್ಟಿ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಸೀಮೆಗಳನ್ನು ಹಾದುಹೋಗುತ್ತದೆ. ಶಿಸ್ಟ್ ಎಂದರೆ ಹಾಳೆಹಾಳೆಯಾಗಿ ಸೀಳುವ ಕಲ್ಲು. ಗ್ರಾನೈಟ್ ಗುಂಡು ಉರುಳಿದರೆ ಇದು ಪದರದ ಮೇಲೆ ಪದರ ಜಾರುತ್ತದೆ. ಪದರಗಳು ಇಳಿಜಾರಿನ ಕಡೆಗೇ ಬಾಗಿದ್ದರೆ ಅಪಾಯ ಹೆಚ್ಚು, ಗುಡ್ಡದೊಳಕ್ಕೆ ಬಾಗಿದ್ದರೆ ಕಡಿಮೆ. ಐಮಂಗಲದ ಬಳಿಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತಹ ಕಲ್ಲುಗಳಿವೆ. ಕಡಲಿನ ತಳದಲ್ಲಿ ಉಕ್ಕಿದ ಲಾವಾ ನೀರು ತಾಗಿ ಹೆಪ್ಪುಗಟ್ಟಿದ್ದು ಅದು. ಬರದ ಸೀಮೆ ಎನಿಸಿಕೊಂಡ ಈ ನೆಲ ಒಂದು ಕಾಲಕ್ಕೆ ಸಮುದ್ರವಾಗಿತ್ತು! ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ದೇಶದಲ್ಲಿ ಭೂಕುಸಿತಗಳ ಅಧ್ಯಯನದ ಹೊಣೆಯೂ ಇದೇ ಇಲಾಖೆಯದು.

ಬೆಟ್ಟದ ನಾಡಿ ಹಿಡಿಯುವವರು

ಎತ್ತರದ ಪರ್ವತಗಳಲ್ಲಿ ಬಿಸಿಲು, ಬೇರು, ಮಳೆಯ ಜೊತೆಗೆ ಇನ್ನೊಂದು ಶಕ್ತಿಯೂ ಇದೆ. ಅದು ಮಂಜುಗಡ್ಡೆ. ಸೀಳಿನ ನೀರು ಹೆಪ್ಪುಗಟ್ಟಿದಾಗ ಹಿಗ್ಗಿ ಬೆಣೆಯಂತೆ ಕಲ್ಲನ್ನು ಒಡೆಯುತ್ತದೆ. ವರ್ಷವಿಡೀ ಹೆಪ್ಪುಗಟ್ಟಿಯೇ ಇರುವ ಕಡೆ ಅದೇ ಗಾರೆಯಂತೆ ಕಲ್ಲುಗಳನ್ನು ಹಿಡಿದಿಟ್ಟಿರುತ್ತದೆ. ಭೂಮಿ ಬಿಸಿಯಾಗಿ ಆ ಗಾರೆ ಕರಗಿದರೆ ಬೆಟ್ಟದ ಕಟ್ಟು ಸಡಿಲಗೊಳ್ಳುತ್ತದೆ.

ಇದನ್ನು ಕಾಯುವ ಕ್ರಮ ಸರಳವಾಗಿಯೇ ಆರಂಭವಾಗುತ್ತದೆ. ಬಿರುಕಿನ ಎರಡೂ ದಡಕ್ಕೆ ಸೇರಿಸಿ ಒಂದು ಗಾಜಿನ ಪಟ್ಟಿ ಅಂಟಿಸಿದರೆ, ಬಿರುಕು ಅಲುಗಿದಾಗ ಗಾಜು ಒಡೆಯುತ್ತದೆ. ಕೂದಲೆಳೆಯಷ್ಟು ಅಗಲವಾದರೂ ತಿಳಿಸುವ ಮಾಪಕಗಳು, ಬಂಡೆ ವಾಲಿದ್ದನ್ನು ಹೇಳುವ ಉಪಕರಣಗಳು, ಎದುರು ಬೆಟ್ಟದಿಂದಲೇ ಇಡೀ ಇಳಿಜಾರನ್ನು ಅಳೆಯುವ ರಾಡಾರ್, ಮೇಲಿನಿಂದ ನೋಡುವ ಉಪಗ್ರಹ ಇವೆಲ್ಲ ಅದರ ಮುಂದಿನ ರೂಪಗಳು. ಬಂಡೆ ಎಷ್ಟು ಸರಿಯಿತು ಎನ್ನುವುದಕ್ಕಿಂತ ಅದರ ವೇಗ ಹೆಚ್ಚುತ್ತಿದೆಯೇ ಎನ್ನುವುದು ಮುಖ್ಯ. ನಿನ್ನೆ ಒಂದು ಮಿಲಿಮೀಟರ್, ಇಂದು ಎರಡು, ನಾಳೆ ನಾಲ್ಕು ಎಂದಾದರೆ ಊರು ಖಾಲಿ ಮಾಡುವ ಹೊತ್ತು ಹತ್ತಿರವಾಯಿತು ಎಂದೇ ಅರ್ಥ.

ಸ್ವಿಟ್ಜರ್ಲೆಂಡಿನ ಬ್ಲಾಟನ್ ಎಂಬ ಹಳ್ಳಿಯಲ್ಲಿ ನಡೆದದ್ದು ಇದೇ. ಮೇಲಿನ ಶಿಖರದಿಂದ ಕಲ್ಲು ಕಳಚುತ್ತಿರುವುದನ್ನು ಗಮನಿಸಿ 2025ರ ಮೇ 19ರಂದು ಸುಮಾರು 300 ಜನರನ್ನು ಹೊರಗೆ ಕಳಿಸಲಾಯಿತು. ಒಂಬತ್ತು ದಿನಗಳ ಬಳಿಕ ಹಿಮನದಿಯ ಸಮೇತ ಬೆಟ್ಟ ಕುಸಿದು ಊರಿನ ಬಹುಭಾಗವನ್ನು ಮುಚ್ಚಿತು. ತೆರವುಗೊಳಿಸಿದ ಪ್ರದೇಶದ ಹೊರಗಿದ್ದ ಒಬ್ಬರು ತೀರಿಕೊಂಡರು, ಊರಿನವರು ಉಳಿದರು.

ನಮ್ಮ ಉತ್ತರಾಖಂಡದ ಚಮೋಲಿಯ ಕತೆ ಬೇರೆ. 2021ರ ಫೆಬ್ರವರಿ 7ರಂದು ರೋಂಟಿ ಶಿಖರದ ಪಾರ್ಶ್ವದಿಂದ ಬಂಡೆಯೂ ಹಿಮವೂ ಕಳಚಿ ಬಿದ್ದು ಕಣಿವೆಯಲ್ಲಿ ಪ್ರವಾಹ ನುಗ್ಗಿತು. ಸತ್ತವರು, ಕಾಣೆಯಾದವರು 200ಕ್ಕೂ ಹೆಚ್ಚು. ಹಿಂದಿನ ವರ್ಷಗಳ ಉಪಗ್ರಹ ಚಿತ್ರಗಳನ್ನು ಆಮೇಲೆ ತೆಗೆದು ನೋಡಿದಾಗ ಅಲ್ಲಿ ಬಿರುಕು ಅಗಲವಾಗುತ್ತ ಬಂದದ್ದು ಕಂಡಿತು! ಬೆಟ್ಟ ಮುನ್ಸೂಚನೆ ಕೊಟ್ಟಿತ್ತು. ಓದುವ ಕಣ್ಣು ಆಗ ಅತ್ತ ಇರಲಿಲ್ಲ. ಕರ್ನಾಟಕವೂ 2018ರಲ್ಲಿ ಕೊಡಗಿನಲ್ಲಿ, 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದ ದುಃಖವನ್ನು ಕಂಡಿದೆ. ಅಲ್ಲಿ ಮಳೆಗೆ ನೆನೆದ ಮಣ್ಣೇ ಹೆಚ್ಚಾಗಿ ಜಾರಿದ್ದು. ಆದರೆ ಪಾಠ ಒಂದೇ.

ಹೋಗುವವರಿಗೆ

ಚಿತ್ರದುರ್ಗ ಬೆಂಗಳೂರಿನಿಂದ ಸುಮಾರು 200 ಕಿ.ಮೀ. ಬೇಸಿಗೆಯಲ್ಲಿ ಬಂಡೆ ಕಾಯುವುದರಿಂದ ಮಳೆ ಮುಗಿದ ಮೇಲಿನ ತಿಂಗಳುಗಳು ಲೇಸು. ಬೆಳಿಗ್ಗೆಯೇ ಕೋಟೆ ಹತ್ತಿ, ಮಧ್ಯಾಹ್ನ ತಂಪಾದ ಚಂದ್ರವಳ್ಳಿಗೆ ಇಳಿಯಬಹುದು. ಹಿರಿಯೂರಿನ ಹಾದಿಯಲ್ಲಿ ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರವಿದೆ. 1933ರ ಬಳಿಕ 2022ರಲ್ಲಿ ಅದು ಮತ್ತೆ ಕೋಡಿ ಹರಿದಾಗ ಇಡೀ ಜಿಲ್ಲೆ ಹಬ್ಬ ಮಾಡಿತ್ತು.

ಕೋಟೆಯ ಬಂಡೆಗಳ ಮೇಲೆ ಹೆಸರು ಕೆತ್ತುವುದಾಗಲಿ ಗುರುತು ಹಾಕುವುದಾಗಲಿ ಬೇಡ, ಅದು ಸಂರಕ್ಷಿತ ಸ್ಮಾರಕ. ಊರಿಗೆ ಮರಳಿದ ಮೇಲೆ ಮಕ್ಕಳು ಮನೆಯ ಹಳೆಯ ಗೋಡೆಯ ಬಿರುಕೊಂದನ್ನು ಹುಡುಕಲಿ. ಅದರ ಎರಡೂ ಬದಿಗೆ ಪೆನ್ಸಿಲಿನಲ್ಲಿ ಚುಕ್ಕೆಯಿಟ್ಟು, ನಡುವಿನ ಅಂತರವನ್ನು ತಾರೀಕಿನೊಂದಿಗೆ ಬರೆದಿಡಲಿ. ತಿಂಗಳಿಗೊಮ್ಮೆ ಅಳೆಯಲಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ. ಅಂತರ ಹೆಚ್ಚುತ್ತಿದ್ದರೆ ಅಪ್ಪ ಅಮ್ಮನಿಗೆ ಹೇಳಲಿ. ಹೇಳಿದಾಗ ದೊಡ್ಡವರು ಕಿವಿಗೊಡಲಿ.