ಹೆಸರಿನ ಮೊದಲಕ್ಷರ

2024ರ ಡಿಸೆಂಬರ್ ಮೊದಲ ವಾರ. ಪುದುಚೇರಿಯ ಬಳಿ ದಡವೇರಿದ ಚಂಡಮಾರುತ ಶಕ್ತಿಗುಂದಿದ್ದರೂ ಅದರ ಮೋಡಗಳು ಮೈಸೂರಿನ ಮೇಲೆ ಬೀಡುಬಿಟ್ಟಿದ್ದವು. ರಾಮಕೃಷ್ಣನಗರದ ಆ ಮನೆಯಲ್ಲಿ ಎಳೆಮಗುವಿನ ಬಟ್ಟೆಗಳೆಲ್ಲ ನಡುಮನೆಯ ಹಗ್ಗದ ಮೇಲೆಯೇ ಒಣಗಬೇಕಾಗಿತ್ತು. ನಾಮಕರಣಕ್ಕೆ ಇನ್ನು ಮೂರೇ ದಿನ.

"ಫೆಂಗಲ್! ಯಾರಪ್ಪಾ ಈ ಹೆಸರಿಟ್ಟವರು?" ಎಂದಳು ಬಾಣಂತಿ ಮಗಳು.

ಭೂಗೋಳದ ಮೇಷ್ಟರಾಗಿ ನಿವೃತ್ತರಾದ ರಾಯರಿಗೆ ಅಷ್ಟೇ ಸಾಕಾಯಿತು. ಬಂಗಾಳ ಕೊಲ್ಲಿ, ಅರಬ್ಬಿ ಸಮುದ್ರಗಳ ಬಿರುಗಾಳಿಗಳಿಗೆಂದು ಹದಿಮೂರು ದೇಶಗಳು ತಲಾ ಹದಿಮೂರರಂತೆ 169 ಹೆಸರುಗಳನ್ನು ಕೊಟ್ಟಿವೆ. 2020ರಲ್ಲಿ ಆ ಪಟ್ಟಿ ಹೊರಬಂದಿತು. ಫೆಂಗಲ್ ಸೌದಿ ಅರೇಬಿಯದ ಕೊಡುಗೆ. ಪಟ್ಟಿಯ ಮೊದಲ ಹೆಸರು ಬಾಂಗ್ಲಾದೇಶದವರ 'ನಿಸರ್ಗ'; ಅದು ಆ ವರ್ಷದ ಜೂನ್‌ನಲ್ಲಿ ಮಹಾರಾಷ್ಟ್ರದ ಕರಾವಳಿಗೆ ಅಪ್ಪಳಿಸಿತು. (ನಿಸರ್ಗ ಎಂಬ ಹೆಸರಿನ ಹುಡುಗಿಯರು ಕನ್ನಡನಾಡಿನಲ್ಲಿಯೂ ಇದ್ದಾರೆ. ಪಾಪ, ಅವರು ಯಾರ ಮನೆಯ ಸೂರನ್ನೂ ಹಾರಿಸಿದವರಲ್ಲ.) ಇಲ್ಲಿ ಒಮ್ಮೆ ಬಳಸಿದ ಹೆಸರು ಮತ್ತೆ ಬರುವುದಿಲ್ಲ.

"ಅಟ್ಲಾಂಟಿಕ್‌ನಲ್ಲಿ ಹಾಗಲ್ಲ ನೋಡು. ಆರು ಪಟ್ಟಿಗಳು, ಆರು ವರ್ಷಕ್ಕೊಮ್ಮೆ ಅವೇ ಸುತ್ತಿಬರುತ್ತವೆ. ಆದರೆ ಘೋರ ಹಾನಿ ಮಾಡಿದ ಗಾಳಿಯ ಹೆಸರನ್ನು ತೆಗೆದುಬಿಡುತ್ತಾರೆ. 2005ರಲ್ಲಿ ಸಾವಿರಕ್ಕೂ ಮಿಕ್ಕಿ ಜನರನ್ನು ಕೊಂದ ಕತ್ರಿನಾ ಮತ್ತೆ ಬರಲಿಲ್ಲ. ಕೇಳಿದವರ ಕರುಳು ಕಲಕಬಾರದಲ್ಲ!"

ಹೇಳಿದ ಮೇಲೆ ರಾಯರು ನಾಲಗೆ ಕಚ್ಚಿಕೊಂಡರು. ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು.

ಆ ಮನೆಯಲ್ಲಿಯೂ ತೆಗೆದಿಟ್ಟ ಹೆಸರೊಂದಿತ್ತು. ತಾತನ ಹೆಸರು ಮೊಮ್ಮಗನಿಗೆ ಎಂಬ ಪದ್ಧತಿಯಂತೆ ರಾಯರ ತಂದೆಯ ಹೆಸರು ಹಿರಿಯ ಮಗನಿಗೆ ಬಂದಿತ್ತು. ಒಂಬತ್ತನೆಯ ವರ್ಷದಲ್ಲಿ ಹುಡುಗ ಜ್ವರದಿಂದ ತೀರಿಕೊಂಡ. ಅಂದಿನಿಂದ ಮೂವತ್ತು ವರ್ಷ ತಾಯಿ ಆ ಹೆಸರನ್ನು ಉಚ್ಚರಿಸಿದವರಲ್ಲ. ಹಾಲು ತರುವವನದೂ ಅದೇ ಹೆಸರು. ಆತನನ್ನು 'ಹಾಲಿನಪ್ಪ' ಎಂದೇ ಕರೆಯುತ್ತ ಬಂದರು. ಆತನೂ ಕಾರಣ ಕೇಳಲಿಲ್ಲ. ಅಣ್ಣ ಹೋದಾಗ ನಾಲ್ಕು ವರ್ಷದವಳಾಗಿದ್ದ ಮಗಳಿಗೆ ಮಾತ್ರ ಆ ಹೆಸರು ಮನೆಯಲ್ಲಿ ಮತ್ತೆ ಕೇಳಬೇಕೆಂಬ ಆಸೆ. ತನ್ನ ಮಗುವಿಗೆ ಅದನ್ನೇ ಇಡುವುದೆಂದು ಹಿಂದಿನ ರಾತ್ರಿಯಷ್ಟೇ ಹೇಳಿದ್ದಳು. ತಾಯಿ ಎದ್ದುಹೋಗಿದ್ದರು. ಇಬ್ಬರಲ್ಲಿ ಯಾರನ್ನು ತಪ್ಪೆನ್ನುವುದು? ಒಬ್ಬಳಿಗೆ ಅದು ಅಣ್ಣನ ನೆನಪು. ಇನ್ನೊಬ್ಬರಿಗೆ ಆ ಜ್ವರದ ರಾತ್ರಿ.

ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ತಾಯಿ ಬಾಗಿಲಿಗೆ ಬಂದು ನಿಂತರು.

"ತೆಗೆದ ಹೆಸರಿನ ಜಾಗ ಖಾಲಿ ಬಿಡುತ್ತಾರೆಯೆ?"

"ಇಲ್ಲ," ಎಂದರು ರಾಯರು ಮೆಲ್ಲಗೆ. "ಅದೇ ಅಕ್ಷರದಿಂದ ಮೊದಲಾಗುವ ಇನ್ನೊಂದನ್ನು ಸೇರಿಸುತ್ತಾರೆ. ಕತ್ರಿನಾ ಹೋಗಿ ಕತಿಯಾ ಬಂದಿತು. 1998ರ ಮಿಚ್ ಹೋಗಿ ಮ್ಯಾಥ್ಯೂ. ಆ ಮ್ಯಾಥ್ಯೂವೂ 2016ರಲ್ಲಿ ಹೈಟಿಯನ್ನು ಹಾಳುಮಾಡಿತು. ಅದನ್ನೂ ತೆಗೆದು ಮಾರ್ಟಿನ್ ಎಂದಿಟ್ಟರು."

ತಾಯಿ ಏನೂ ಹೇಳದೆ ಒಳಗೆ ಹೋದರು. ಮಗಳು ಬಹಳ ಹೊತ್ತು ತೊಟ್ಟಿಲ ಹಗ್ಗ ಹಿಡಿದು ಕುಳಿತಿದ್ದಳು.

ಮೂರನೆಯ ದಿನ ಬಿಸಿಲು ಬಂದಿತು. ತಟ್ಟೆಯ ಅಕ್ಕಿಯ ಮೇಲೆ ಅಳಿಯ ಉಂಗುರದಿಂದ ಬರೆದದ್ದು ಹೊಸ ಹೆಸರು. ಮೊದಲಕ್ಷರ ಮಾತ್ರ ಹಳೆಯದು. ಕಿವಿಯಲ್ಲಿ ಹೆಸರು ಹೇಳುವ ಸರದಿ ಅಜ್ಜಿಗೆ ಬಂದಾಗ ಆಕೆ ಮಗುವಿನ ಮೇಲೆ ಬಾಗಿ, ಆ ಒಂದು ಅಕ್ಷರವನ್ನು ಹೇಳಿ ತಡೆದರು. ಮಗಳು ತಾಯಿಯ ಬೆನ್ನಿನ ಮೇಲೆ ಕೈಯಿಟ್ಟಳು. ಆಮೇಲೆ ಅಜ್ಜಿ ಉಳಿದದ್ದನ್ನೂ ಹೇಳಿದರು.