ಮೀನಿನ ಪಾರ್ಶ್ವನೋಟ

ಪ್ರಾಚೀನ ಕವಿಗಳು ಕಂಡ ಮೀನು ಬಹುಮಟ್ಟಿಗೆ ಮೇಲಿನಿಂದ ಕಂಡ ಮೀನು. ದಡದಲ್ಲಿ ನಿಂತವನಿಗೆ ತೋರುವುದು ಅದರ ಕಪ್ಪು ಬೆನ್ನು ಮಾತ್ರ. ಬೆಳ್ಳಿಯ ಮೈ ಕಾಣಬೇಕಾದರೆ ಅದು ನೆಗೆಯಬೇಕು, ಇಲ್ಲವೆ ಹೊರಳಬೇಕು. ಮೇಘದೂತದಲ್ಲಿ ಕಾಳಿದಾಸನು ಶಫರ ಮೀನುಗಳ ನೆಗೆತವನ್ನು ನದಿಯ ನೋಟವಾಗಿ ಕಂಡದ್ದು ಇಂಥ ಒಂದು ಕ್ಷಣವನ್ನು ನಂಬಿಯೇ. ಬದಿಯಿಂದ ಕಂಡ ಮೀನು ನಮ್ಮ ಪರಂಪರೆಗೆ ಅಪರಿಚಿತವೇನಲ್ಲ. ಜಿನಮಾತೆ ಕಾಣುವ ಹದಿನಾರು ಸ್ವಪ್ನಗಳಲ್ಲಿ ಮೀನಯುಗಲವಿದೆ. ದಿಗಂಬರರ ಪ್ರಕಾರ ಹದಿನೆಂಟನೆಯ ತೀರ್ಥಂಕರ ಅರನಾಥನ ಲಾಂಛನವೂ ಮೀನೇ. ಶಿಲ್ಪಿ ಅದನ್ನು ಬದಿಯಿಂದಲೇ ಕಡೆಯುತ್ತಾನೆ. ಆದರೆ ಹಾಗೆ ನಿಧಾನವಾಗಿ ನೋಡಲು ಸಿಗುತ್ತಿದ್ದುದು ಬಲೆಯಿಂದ ಹೊರಬಂದು ಮಗ್ಗುಲಾಗಿ ಮಲಗಿದ ಮೀನು. ಪಾರ್ಶ್ವನೋಟವು ಬಹುಕಾಲ ಸಾವಿನ ಕೊಡುಗೆಯಾಗಿತ್ತು.

ಮತ್ಸ್ಯಶಾಸ್ತ್ರದ ಸ್ಥಿತಿಯೂ ಬೇರೆಯಾಗಿರಲಿಲ್ಲ. ಮದರಾಸು ಪ್ರಾಂತ್ಯದಲ್ಲಿ ಸೇನಾವೈದ್ಯನಾಗಿದ್ದ ಫ್ರಾನ್ಸಿಸ್ ಡೇ 1875ರಿಂದ 1878ರವರೆಗೆ ಪ್ರಕಟಿಸಿದ ‘ದಿ ಫಿಶಸ್ ಆಫ್ ಇಂಡಿಯಾ’ ಗ್ರಂಥದ ಫಲಕಗಳು ಇಂದಿಗೂ ವಿದ್ವಾಂಸರಿಗೆ ಆಕರ. ದಕ್ಷಿಣ ಕನ್ನಡದ ಹೊಳೆಗಳ ಒಂದು ಮೀನಿಗೆ ಅವನು 1877ರಲ್ಲಿ ಎಟ್ರೋಪ್ಲಸ್ ಕೆನರೆನ್ಸಿಸ್ ಎಂದು ಹೆಸರಿಟ್ಟ. ಕೇರಳದ ಕರಿಮೀನಿನ ದಾಯಾದಿಯಾದ ಇದು ನೇತ್ರಾವತಿ, ಕುಮಾರಧಾರೆಗಳ ಸಿಹಿನೀರಿನದು. ಮೈಮೇಲೆ ಕಪ್ಪು ಪಟ್ಟೆಗಳು, ಹುರುಪೆಗಳ ಮೇಲೆ ಮುತ್ತಿನಂಥ ಚುಕ್ಕೆಗಳು. ಮದ್ಯಸಾರದ ಶೀಶೆಗೆ ಇಳಿದ ಮೀನಿನಲ್ಲಿ ಮೊದಲು ಮಾಸುವುದು ಬಣ್ಣವೇ. ಹೆಸರು ಉಳಿಯಿತು, ಈಜುರೆಕ್ಕೆಯ ಮುಳ್ಳುಗಳ ಲೆಕ್ಕ ಉಳಿಯಿತು. ಮುತ್ತಿನ ಹೊಳಪು ಫಲಕಕ್ಕೆ ಬರಲಿಲ್ಲ.

ಜೀವಂತ ಮೀನಿನ ಬದಿಯನ್ನು ನೋಡಲು ಗಾಜಿನ ತೊಟ್ಟಿ ಬೇಕಾಯಿತು. ಆ ನೋಟವನ್ನು ಹಿಡಿದಿಡಲು ಫ್ಲ್ಯಾಶ್ ಬೇಕಾಯಿತು. ಲಂಡನ್ನಿನ ಮೃಗಾಲಯದಲ್ಲಿ ಮತ್ಸ್ಯಾಲಯ ತೆರೆದದ್ದು 1853ರಲ್ಲಿ. ಹೆರಾಲ್ಡ್ ಎಜರ್ಟನ್ ವಿದ್ಯುತ್ ಫ್ಲ್ಯಾಶನ್ನು ರೂಪಿಸಿದ್ದು 1930ರ ದಶಕದಲ್ಲಿ. ಇಂದು ಮಂಗಳೂರಿನ ಮನೆಯ ಮೂಲೆಯಲ್ಲಿ, ಆಟಿಯ ಮಳೆಗೆ ಹಗಲೇ ಮಬ್ಬಾದಾಗ, ಈ ಎರಡೂ ಒಂದುಗೂಡಬಲ್ಲವು.

ಆದರೆ ಕ್ಯಾಮೆರಾದ ತಲೆಯ ಮೇಲೆ ಕುಳಿತ ಫ್ಲ್ಯಾಶ್ ಡೇ ಬಳಸಿದ ಮದ್ಯಸಾರಕ್ಕಿಂತ ದೊಡ್ಡ ಕಳ್ಳ. ಮೀನಿನ ಹೊಳಪು ಬಣ್ಣದ ಲೇಪವಲ್ಲ. ಚರ್ಮದಲ್ಲಿ ಪದರಪದರವಾಗಿ ಕುಳಿತ ಗ್ವಾನಿನ್ ಹರಳುಗಳು ಕನ್ನಡಿಗಳಂತೆ ಬೆಳಕನ್ನು ಮರಳಿಸುತ್ತವೆ. ನೇರವಾಗಿ ಬಿದ್ದ ಬೆಳಕು ನೇರವಾಗಿ ಹಿಂದಿರುಗಿ ಪಟ್ಟೆ, ಚುಕ್ಕೆ ಎಲ್ಲವನ್ನೂ ಬಿಳಿದು ಮಾಡುತ್ತದೆ. ಗಾಜಿನ ಮೇಲೆ ಇನ್ನೊಂದು ಸೂರ್ಯ ಮೂಡುತ್ತಾನೆ. ಆದ್ದರಿಂದ ಅನುಭವಿಗಳು ಫ್ಲ್ಯಾಶನ್ನು ಕ್ಯಾಮೆರಾದಿಂದ ಬೇರ್ಪಡಿಸಿ ತೊಟ್ಟಿಯ ಮೇಲಿನಿಂದಲೋ ಓರೆಯಾಗಿ ಪಕ್ಕದಿಂದಲೋ ಬೆಳಗಿಸುತ್ತಾರೆ. ಮೇಲಿನಿಂದ ಬಿದ್ದ ಬೆಳಕು ಹೊಳೆಯ ಬಿಸಿಲಿಗೆ ಹತ್ತಿರ. ಲೆನ್ಸ್ ಮಾತ್ರ ಗಾಜಿಗೆ ನೆಟ್ಟಗಿರಬೇಕು; ಓರೆಯಾದರೆ ವಕ್ರೀಭವನದಿಂದ ರೂಪ ಮಸುಕಾಗುತ್ತದೆ. ಷಟರ್ 1/200 ಸೆಕೆಂಡಿನಷ್ಟಿದ್ದರೂ ಚಲನೆಯನ್ನು ನಿಲ್ಲಿಸುವುದು ಅದಲ್ಲ, ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಿರಿದಾದ ಆ ಮಿಂಚು. ಕವಿಗೆ ಕೈತಪ್ಪಿದ ಕ್ಷಣ ಇಲ್ಲಿ ಸಿಕ್ಕುತ್ತದೆ.

ಸಂಸ್ಕೃತದ ‘ಅನಿಮಿಷ’ ಶಬ್ದಕ್ಕೆ ದೇವತೆ, ಮೀನು ಎಂಬ ಎರಡೂ ಅರ್ಥಗಳುಂಟು. ರೆಪ್ಪೆಯಿಲ್ಲದ ಕಣ್ಣಿನ ಮುಂದೆ ಮಿಂಚು ಹಾಯಿಸುವುದು ಹಿಂಸೆಯಲ್ಲವೇ ಎಂಬ ಪ್ರಶ್ನೆ ಆಗ ತಾನಾಗಿ ಏಳುತ್ತದೆ. ಕತ್ತಲಕೋಣೆಯಲ್ಲಿ ಹಠಾತ್ತನೆ ಬೆಳಗಿದರೆ ಮೀನು ಬೆಚ್ಚಿ ಗಾಜಿಗೆ ಬಡಿದುಕೊಳ್ಳಬಹುದು. ಕೋಣೆಯ ದೀಪ ಉರಿಯುತ್ತಿರಲಿ, ನಾಲ್ಕಾರು ಚಿತ್ರಗಳಿಗೆ ಮುಗಿಯಲಿ ಎಂಬುದು ಸರಿಯಾದ ವಿವೇಕ. ಆದರೆ ಪ್ರಶ್ನೆ ಅಲ್ಲಿಗೇ ನಿಂತರೆ ಅದು ಅರ್ಧ ಪ್ರಶ್ನೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಮೊದಲು ಹೇಳುವುದು ಬಂಧವನ್ನು. ಹೊಡೆತ, ಅಂಗಚ್ಛೇದ, ಅತಿಭಾರ, ಅನ್ನಪಾನನಿರೋಧಗಳು ಅನಂತರದವು. ಮೀನು ಪಂಚೇಂದ್ರಿಯ ಜೀವ. ಕ್ಷಣದ ಬೆಳಕಿಗೆ ಮರುಗಿ ವರ್ಷಗಳ ಗಾಜನ್ನು ಮರೆಯುವ ಕರುಣೆ ವಿಚಿತ್ರವಾದುದು! ಸಂಶೋಧಕರು ಹೊಳೆಯ ಬದಿಯಲ್ಲೇ ಕಿರಿದಾದ ಗಾಜಿನ ತೊಟ್ಟಿಯಲ್ಲಿ ಮೀನನ್ನಿಟ್ಟು ಚಿತ್ರ ತೆಗೆದು ಮರಳಿ ನೀರಿಗೆ ಬಿಡುವ ಕ್ರಮವೂ ಉಂಟು. ಬಂಧವು ನಿಮಿಷಗಳಿಗೆ ಇಳಿಯುವ ಆ ದಾರಿಯೇ ಮೇಲು. ಹೊಸ ಪ್ರಭೇದವನ್ನು ಸ್ಥಾಪಿಸಲು ಶೀಶೆಯ ಮಾದರಿಯನ್ನು ಶಾಸ್ತ್ರ ಇನ್ನೂ ಕೇಳುತ್ತದೆ, ನಿಜ. ಆದರೆ ಪರಿಚಿತ ಮೀನಿನ ಬಣ್ಣವನ್ನು ದಾಖಲಿಸಲು ಅದನ್ನು ಕೊಲ್ಲುವ ಅಗತ್ಯ ಈಗಿಲ್ಲ.

ಹಸ್ತಪ್ರತಿಗಳೊಡನೆ ಒಡನಾಡಿದವರಿಗೆ ಹೊಳೆಯುವ ಒಂದು ಕೊರತೆ ಹವ್ಯಾಸಿಗಳ ಚಿತ್ರಗಳಲ್ಲಿ ಉಳಿದಿದೆ. ಚಿತ್ರ ಸೊಗಸಾಗಿರುತ್ತದೆ, ಕೆಳಗೆ ಒಂದಕ್ಷರವೂ ಇರುವುದಿಲ್ಲ. ಪುಷ್ಪಿಕೆ ಕಳೆದ ಓಲೆಗರಿಯ ಕಟ್ಟಿನಂತೆ. ಎಟ್ರೋಪ್ಲಸ್ ಕೆನರೆನ್ಸಿಸ್‌ನ ಒಂದು ಚಿತ್ರದಡಿ ಇರಬೇಕಾದದ್ದು ಇಷ್ಟು: ಉಪ್ಪಿನಂಗಡಿಯ ಸಂಗಮದ ಮೇಲಿನದೋ ಕೆಳಗಿನದೋ, ಯಾವ ತಿಂಗಳಿನದು, ತೊಟ್ಟಿಯಲ್ಲಿ ಎಷ್ಟು ದಿನ ಇತ್ತು, ಬೆಳಕು ಯಾವ ಕಡೆಯಿಂದ ಬಿತ್ತು.